ಮಣ್ಣು ಹಾರಿಹೋದ ಕೌಂಟಿ: ಒಕ್ಲಹೋಮದ ಸಿಮರಾನ್ ಕಥೆ

1/10
ಮೊದಲ ಸ್ಲೈಡ್‌ನ ಫೋಟೋ ನೀವು ಎಲ್ಲೋ ನೋಡಿರ್ತೀರ. ಒಬ್ಬ ರೈತ, ಜೊತೆಗೆ ಇಬ್ಬರು ಚಿಕ್ಕ ಹುಡುಗರು. ಧೂಳಿನ ಗಾಳಿಗೆ ಎದುರಾಗಿ ನಡೀತಿದ್ದಾರೆ. ಹಿಂದೆ ಇರೋ ಶೆಡ್ಡು ಮರಳಲ್ಲಿ ಅರ್ಧ ಹೂತುಹೋಗಿದೆ. ತೆಗೆದದ್ದು 1936ರ ಏಪ್ರಿಲ್‌ನಲ್ಲಿ, ಅಮೆರಿಕದ ಒಕ್ಲಹೋಮ ರಾಜ್ಯದ ಸಿಮರಾನ್ ಕೌಂಟಿಯಲ್ಲಿ. ತೆಗೆದವನು ಆರ್ಥರ್ ರಾಥ್‌ಸ್ಟೀನ್, ಸರ್ಕಾರದ ಫೋಟೋಗ್ರಾಫರ್. ಆಗ ಅವನ ವಯಸ್ಸು 20. ಅಂದ್ರೆ ನನ್ನ ವಯಸ್ಸು. ನಾನು ಈ ವಯಸ್ಸಲ್ಲಿ ಕ್ಯಾಂಟೀನ್ ಚಹಾದ ಫೋಟೋ ಹಾಕ್ತಿದೀನಿ, ಇರಲಿ ಬಿಡಿ.

ಹೋದ ಸೆಮಿಸ್ಟರ್‌ನಲ್ಲಿ ಅಕೌಂಟಿಂಗ್ ಪೇಪರ್‌ನಲ್ಲಿ ಒಂದು ಪ್ರಶ್ನೆ ಬಂದಿತ್ತು: ಯಾವ ಆಸ್ತಿಗೆ ಸವಕಳಿ, ಅಂದ್ರೆ ಡಿಪ್ರಿಸಿಯೇಷನ್, ಹಾಕೋದಿಲ್ಲ? ಉತ್ತರ: ಭೂಮಿ. ಯಾಕಂದ್ರೆ ಅದು ಸವೆಯೋದಿಲ್ಲ. ಪೂರ್ತಿ ಮಾರ್ಕ್ಸ್ ಬಂತು. ಆಮೇಲೆ ಈ ಫೋಟೋ ನೋಡಿದೆ. ಅದಕ್ಕೇ ಈ ಸರಣಿ.

2/10
ಮೊದಲು ಮ್ಯಾಪ್. ಒಕ್ಲಹೋಮ ನೋಡೋಕೆ ಹಿಡಿ ಇರೋ ಬಾಣಲೆ ಥರ ಇದೆ. ಪಶ್ಚಿಮಕ್ಕೆ ಚಾಚಿರೋ ಆ ಹಿಡಿಯ ತುದಿಯೇ ಸಿಮರಾನ್ ಕೌಂಟಿ. ಉತ್ತರಕ್ಕೆ ಕೊಲರಾಡೊ ಮತ್ತು ಕಾನ್ಸಸ್, ಪಶ್ಚಿಮಕ್ಕೆ ನ್ಯೂ ಮೆಕ್ಸಿಕೊ, ದಕ್ಷಿಣಕ್ಕೆ ಟೆಕ್ಸಸ್. ಬೇರೆ ನಾಲ್ಕು ರಾಜ್ಯಗಳ ಗಡಿ ಮುಟ್ಟೋ ಕೌಂಟಿ ಇಡೀ ಅಮೆರಿಕದಲ್ಲಿ ಇದೊಂದೇ.

ವಿಸ್ತೀರ್ಣ ಸುಮಾರು 4,770 ಚದರ ಕಿ.ಮೀ. ಅಂದ್ರೆ ನಮ್ಮ ಬೆಂಗಳೂರು ನಗರ ಜಿಲ್ಲೆಯ ಎರಡು ಪಟ್ಟಿಗಿಂತ ಜಾಸ್ತಿ. 2020ರ ಜನಗಣತಿ ಪ್ರಕಾರ ಜನಸಂಖ್ಯೆ 2,296. ಸೊನ್ನೆ ಬಿಟ್ಟಿಲ್ಲ, ಎರಡು ಸಾವಿರದ ಇನ್ನೂರ ತೊಂಬತ್ತಾರೇ! ಎರಡು ಚದರ ಕಿಲೋಮೀಟರ್‌ಗೆ ಒಬ್ಬರು ಸಿಕ್ಕರೆ ಹೆಚ್ಚು. ಒಕ್ಲಹೋಮದಲ್ಲಿ ಅತಿ ಕಡಿಮೆ ಜನ ಇರೋ ಕೌಂಟಿ ಇದೇ.

3/10
ಊರೆಲ್ಲಾ ಚಪ್ಪಟೆ ಅಂದ್ಕೋಬೇಡಿ. ವಾಯವ್ಯ ಮೂಲೆಯಲ್ಲಿ ಬ್ಲ್ಯಾಕ್ ಮೆಸಾ ಇದೆ, ಹಳೇ ಲಾವಾದ ಕಪ್ಪು ಕಲ್ಲಿನ ಹಾಸು. 4,973 ಅಡಿ, ಇಡೀ ಒಕ್ಲಹೋಮದಲ್ಲೇ ಎತ್ತರದ ಜಾಗ. ಅಲ್ಲೇ ಹತ್ತಿರ ಡೈನೋಸಾರ್ ಹೆಜ್ಜೆ ಗುರುತುಗಳಿವೆ. ಪಕ್ಕದ ಕೆಂಟನ್ ಅನ್ನೋ ಪುಟ್ಟ ಊರಲ್ಲಿ ಗಡಿಯಾರವೂ ಬೇರೆ: ಒಕ್ಲಹೋಮದ ಉಳಿದವರಿಗಿಂತ ಒಂದು ಗಂಟೆ ಹಿಂದೆ. ವ್ಯವಹಾರ ಎಲ್ಲಾ ನ್ಯೂ ಮೆಕ್ಸಿಕೊ ಕಡೆಗೇ, ಹಾಗಾಗಿ ಟೈಮೂ ಅವರದ್ದೇ.

ಸಿಮರಾನ್ ಅನ್ನೋದು ಸ್ಪ್ಯಾನಿಷ್ ಪದ. ಪಳಗದ, ಕಾಡು ಸ್ವಭಾವದ ಅಂತ ಅರ್ಥ. ಅಲ್ಲಿ ಹರಿಯೋ ನದಿಯ ಹೆಸರೂ ಅದೇ. ಮಳೆ ವರ್ಷಕ್ಕೆ ಸುಮಾರು 45 ಸೆಂ.ಮೀ., ಅದೂ ನಂಬಿಕೆ ಇಲ್ಲ. ಬಿಸಿಲು, ಗಾಳಿ, ಹುಲ್ಲು. ಈ ಹುಲ್ಲನ್ನ ನೆನಪಲ್ಲಿ ಇಟ್ಕೊಳ್ಳಿ, ಕಥೆಯ ಹೀರೋ ಅದೇ.

4/10
ಇಲ್ಲಿ ಕೊಮಾಂಚಿ, ಕಯೋವಾ ಜನ ಕಾಡೆಮ್ಮೆ ಬೇಟೆ ಆಡ್ಕೊಂಡು ಬದುಕಿದ್ದರು. 1870ರ ದಶಕದಲ್ಲಿ ಬೇಟೆಗಾರರು ಚರ್ಮಕ್ಕಾಗಿ ಕಾಡೆಮ್ಮೆ ಹಿಂಡುಗಳನ್ನು ಮುಗಿಸಿದರು, ಸೈನ್ಯ ಈ ಜನರನ್ನು ರಿಸರ್ವೇಷನ್‌ಗಳಿಗೆ ಅಟ್ಟಿತು. ಮುಂದೆ 'ಖಾಲಿ ನೆಲ' ಅಂತ ಜಾಹೀರಾತಾದ ಜಾಗ ಹೀಗೆ ಖಾಲಿ ಮಾಡಿಸಿದ್ದು.

ಇನ್ನು ಬಾಣಲೆಗೆ ಹಿಡಿ ಬಂದದ್ದು ಹೇಗೆ? ಅದರ ಬೇರು ಗುಲಾಮಗಿರಿಯಲ್ಲಿದೆ. 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ಇರಕೂಡದು ಅಂತ 1820ರಲ್ಲೇ ಒಪ್ಪಂದ ಆಗಿತ್ತು. ಟೆಕ್ಸಸ್‌ಗೆ ಗುಲಾಮಗಿರಿ ಬೇಕಿತ್ತು; ಹಾಗಾಗಿ 1850ರಲ್ಲಿ ಆ ಗೆರೆಯ ಮೇಲಿನ ನೆಲವನ್ನೇ ಬಿಟ್ಟುಕೊಟ್ಟಿತು. 1854ರಲ್ಲಿ ಕಾನ್ಸಸ್ ಗಡಿ 37 ಡಿಗ್ರಿಗೆ ನಿಂತಿತು. ಮಧ್ಯದಲ್ಲಿ ಒಂದು ಪಟ್ಟಿ ಯಾರಿಗೂ ಸೇರದೆ ಉಳಿಯಿತು. ಹೆಸರೂ ಹಾಗೇ: ನೋ ಮ್ಯಾನ್ಸ್ ಲ್ಯಾಂಡ್. ಕೋರ್ಟಿಲ್ಲ, ಪೊಲೀಸಿಲ್ಲ, ಜಮೀನಿಗೆ ಪತ್ರ ಇಲ್ಲ. 1890ರಲ್ಲಿ ಒಕ್ಲಹೋಮ ಪ್ರಾಂತ್ಯಕ್ಕೆ ಸೇರಿಸಿದರು. 1907ರಲ್ಲಿ ಒಕ್ಲಹೋಮ ರಾಜ್ಯವಾದಾಗ ಪಟ್ಟಿಯನ್ನು ಮೂರು ಕೌಂಟಿ ಮಾಡಿದರು. ಪಶ್ಚಿಮದ್ದು ಸಿಮರಾನ್.

5/10
ಈಗ ನಮ್ಮ ಕಾಮರ್ಸ್‌ನವರಿಗೆ ಇಷ್ಟವಾಗೋ ಭಾಗ. ಕೌಂಟಿಯ ಕೇಂದ್ರ ಬೊಯ್ಸಿ ಸಿಟಿ. ಹುಟ್ಟಿದ್ದು 1908ರಲ್ಲಿ, ಒಂದು ಸೈಟ್ ವಂಚನೆಯಿಂದ!

ಒಂದು ಕಂಪನಿಯವರು ಚೆಂದದ ಕರಪತ್ರ ಹೊಡೆಸಿದರು. ಸಾಲುಮರದ ರಸ್ತೆಗಳು, ಪಕ್ಕಾ ಕಟ್ಟಡ, ಉಕ್ಕೋ ನೀರಿನ ಬಾವಿ. ಹೆಸರೂ ನೋಡಿ: ಫ್ರೆಂಚ್‌ನಲ್ಲಿ 'ಬುವಾಜೇ' ಅಂದ್ರೆ ಮರಗಳಿಂದ ತುಂಬಿದ್ದು. ಸುಮಾರು 3,000 ಸೈಟು ಮಾರಿದರು. ದುಡ್ಡು ಕೊಟ್ಟವರು ಬಂದು ನೋಡಿದರೆ ಮರ ಇಲ್ಲ, ರಸ್ತೆ ಇಲ್ಲ, ಬಾವಿ ಇಲ್ಲ. ಹುಲ್ಲು ಮತ್ತು ಗೂಟಗಳು. ಸಾಲದ್ದಕ್ಕೆ ಮಾರಿದವರಿಗೆ ಆ ಜಾಗದ ಮೇಲೆ ಹಕ್ಕೇ ಇರಲಿಲ್ಲ. ಅಂಚೆ ಮೂಲಕ ಮೋಸ ಮಾಡಿದ ಕೇಸಲ್ಲಿ ಅವರು ಜೈಲಿಗೆ ಹೋದರು. ಮೋಸ ಹೋದವರಲ್ಲಿ ಕೆಲವರು ಮಾತ್ರ, ಬಂದದ್ದಾಯ್ತಲ್ಲ ಅಂತ ಅಲ್ಲೇ ಉಳಿದು ಊರು ಕಟ್ಟಿದರು. ನನಗೆ ಈ ಕೌಂಟಿ ಇಷ್ಟವಾಗೋಕೆ ಶುರುವಾದದ್ದೇ ಇಲ್ಲಿಂದ.

6/10
ಮೊದಲ ಮಹಾಯುದ್ಧ ಬಂತು. ರಷ್ಯಾದ ಗೋಧಿ ಯೂರೋಪಿಗೆ ಹೋಗೋ ದಾರಿ ಮುಚ್ಚಿತು. ಅಮೆರಿಕ ಸರ್ಕಾರ 1917ರಲ್ಲಿ ಬುಶೆಲ್‌ಗೆ, ಅಂದ್ರೆ ಸುಮಾರು 27 ಕೆಜಿಗೆ, 2 ಡಾಲರ್ ಗ್ಯಾರಂಟಿ ಕೊಟ್ಟಿತು. ಹುಲ್ಲುಗಾವಲು ಒಮ್ಮೆಲೇ ಚಿನ್ನವಾಯಿತು. 1920ರ ದಶಕದಲ್ಲಿ ಟ್ರ್ಯಾಕ್ಟರ್, ಡಿಸ್ಕ್ ನೇಗಿಲು, ರೈಲು ಎಲ್ಲಾ ಬಂದವು. ಕೌಂಟಿಯ ಜನಸಂಖ್ಯೆ 1920ರ 3,436ರಿಂದ 1930ಕ್ಕೆ 5,408 ಆಯಿತು. ಹೊರಗಿನಿಂದ ಬಂದು, ಬಿತ್ತಿ, ಮನೆಗೆ ವಾಪಸ್ ಹೋಗಿ, ಕೊಯ್ಲಿಗೆ ಮಾತ್ರ ಬರೋ 'ಸೂಟ್‌ಕೇಸ್ ರೈತರು' ಕೂಡ ಇದ್ದರು.

ಆಮೇಲೆ ಬೆಲೆ ಬಿತ್ತು. 1931ರಲ್ಲಿ ಭರ್ಜರಿ ಬೆಳೆ, ಆದರೆ ಬೆಲೆ ಬುಶೆಲ್‌ಗೆ 40 ಸೆಂಟ್ ಆಸುಪಾಸು. ಈಗ ನೀವೇ ಆ ರೈತ ಅಂದ್ಕೊಳ್ಳಿ. ಟ್ರ್ಯಾಕ್ಟರ್ ಸಾಲದ ಕಂತು ಬದಲಾಗಲ್ಲ. ಬೆಲೆ ಅರ್ಧ ಆದರೆ ಅದೇ ಕಂತು ಕಟ್ಟೋಕೆ ಎರಡರಷ್ಟು ಬೆಳೀಬೇಕು. ಅಂದ್ರೆ ಇನ್ನಷ್ಟು ಹುಲ್ಲು ಉಳಬೇಕು. ಪಕ್ಕದವನೂ ಅದನ್ನೇ ಮಾಡ್ತಾನೆ. ಮಾರ್ಕೆಟ್‌ಗೆ ಇನ್ನೂ ಗೋಧಿ ಬರುತ್ತೆ, ಬೆಲೆ ಇನ್ನೂ ಬೀಳುತ್ತೆ. ಅವರು ದಡ್ಡರಾಗಿರಲಿಲ್ಲ. ಒಬ್ಬೊಬ್ಬರ ಲೆಕ್ಕವೂ ಸರಿಯಾಗೇ ಇತ್ತು. ಎಲ್ಲರ ಲೆಕ್ಕ ಸೇರಿದಾಗ ಊರು ಮುಳುಗಿತು.

7/10
ಆ ಹುಲ್ಲಿನ ಬೇರುಗಳು ಮಣ್ಣನ್ನು ಬಲೆ ಥರ ಹಿಡಿದಿದ್ದವು. ಎಷ್ಟೋ ಬರಗಾಲ ಬಂದು ಹೋದರೂ ಹುಲ್ಲು ಒಣಗಿ ಮತ್ತೆ ಚಿಗುರುತ್ತಿತ್ತು. ಡಿಸ್ಕ್ ನೇಗಿಲು ಆ ಬಲೆಯನ್ನ ಹರಿದು ಮಣ್ಣನ್ನ ಹಿಟ್ಟು ಮಾಡಿತು. 1930ರ ದಶಕದ ಬರ ಬಂದಾಗ ಗೋಧಿ ಮೊಳೆಯಲೇ ಇಲ್ಲ. ಬರೀ ನೆಲ, ಮೇಲೆ ಗಾಳಿ.

ಮನೆಯವರು ಕಿಟಕಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದರು. ತಟ್ಟೆ ಬೋರಲು ಹಾಕಿಡುತ್ತಿದ್ದರು. ಶ್ವಾಸಕೋಶಕ್ಕೆ ಧೂಳು ಸೇರಿ ಬರೋ ನ್ಯುಮೋನಿಯಾಗೆ ಮಕ್ಕಳು, ಮುದುಕರು ಸತ್ತರು. 1934ರಲ್ಲಿ ಸರ್ಕಾರ ಮೇವಿಲ್ಲದ ದನಗಳನ್ನು ದುಡ್ಡು ಕೊಟ್ಟು ಕೊಂಡಿತು. ತೀರಾ ಬಡಕಲಾದವನ್ನು ಅಲ್ಲೇ ಗುಂಡಿಟ್ಟು ಕೊಂದರು. ಈ ಸಾಲು ಟೈಪ್ ಮಾಡಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

8/10
ಏಪ್ರಿಲ್ 14, 1935. ಭಾನುವಾರ. ಬೆಳಗ್ಗೆ ಆಕಾಶ ಶುಭ್ರವಾಗಿತ್ತು, ಜನ ಹೊರಗೆ ಬಂದಿದ್ದರು. ಮಧ್ಯಾಹ್ನದ ಮೇಲೆ ಉತ್ತರದಿಂದ ಕಪ್ಪು ಗೋಡೆ ಥರ ಧೂಳು ಬಂತು. ಹಗಲೇ ಕತ್ತಲು, ಮುಖದ ಮುಂದೆ ಹಿಡಿದ ಕೈ ಕಾಣದಷ್ಟು. ಆ ದಿನಕ್ಕೆ ಬ್ಲ್ಯಾಕ್ ಸಂಡೇ ಅಂತಲೇ ಹೆಸರು. ಅಸೋಸಿಯೇಟೆಡ್ ಪ್ರೆಸ್‌ನ ವರದಿಗಾರ ರಾಬರ್ಟ್ ಗೈಗರ್ ಬೊಯ್ಸಿ ಸಿಟಿ ಹತ್ತಿರ ಅದರಲ್ಲೇ ಸಿಕ್ಕಿಹಾಕಿಕೊಂಡ. ಆಮೇಲೆ ಅವನು ಬರೆದ ವರದಿಯಿಂದಲೇ 'ಡಸ್ಟ್ ಬೌಲ್' ಅನ್ನೋ ಪದ ಜಗತ್ತಿಗೆ ಬಂತು. ಧೂಳಿನ ಬಟ್ಟಲು.

ಎರಡು ವಾರ ಕಳೆಯೋ ಮೊದಲೇ, ಏಪ್ರಿಲ್ 27ಕ್ಕೆ, ಮಣ್ಣು ಸಂರಕ್ಷಣಾ ಕಾಯ್ದೆ ಬಂತು. ಅದರ ಹಿಂದೆ ಇದ್ದವನು ವರ್ಷಗಳಿಂದ ಮಣ್ಣು ಮಣ್ಣು ಅಂತ ಬಡ್ಕೊಳ್ತಿದ್ದ ಹ್ಯೂ ಬೆನೆಟ್ ಅನ್ನೋ ವಿಜ್ಞಾನಿ. ಇಳಿಜಾರಿಗೆ ಅಡ್ಡಲಾಗಿ ಉಳೋದು, ಗಾಳಿ ತಡೆಯೋಕೆ ಪಟ್ಟಿ ಪಟ್ಟಿಯಾಗಿ ಬಿತ್ತೋದು ಕಲಿಸಿದರು. ತೀರಾ ಕೆಟ್ಟ ಜಮೀನನ್ನು ಸರ್ಕಾರವೇ ಕೊಂಡು ಮತ್ತೆ ಹುಲ್ಲು ಬೆಳೆಸಿತು. ರೀಟಾ ಬ್ಲಾಂಕಾ ರಾಷ್ಟ್ರೀಯ ಹುಲ್ಲುಗಾವಲು ಅಂತ ಇವತ್ತೂ ಇದೆ, ಸ್ವಲ್ಪ ಭಾಗ ಇದೇ ಕೌಂಟಿಯಲ್ಲಿ.

9/10
ಎಲ್ಲರೂ ಊರು ಬಿಟ್ಟು ಕ್ಯಾಲಿಫೋರ್ನಿಯಾಗೆ ಹೋದರು ಅಂತ ನಾನೂ ಅಂದುಕೊಂಡಿದ್ದೆ. ಲೆಕ್ಕ ನೋಡಿ: 1930ರಲ್ಲಿ 5,408, 1940ರಲ್ಲಿ 3,654. ಮೂರರಲ್ಲಿ ಒಂದು ಪಾಲು ಕಡಿಮೆ. ದೊಡ್ಡ ಪೆಟ್ಟೇ. ಆದರೆ ಎರಡು ಪಾಲು ಹಾಗೇ ಇತ್ತು. ಹೋದವರ ಬಗ್ಗೆ ಸಿನಿಮಾ, ಕಾದಂಬರಿ ಬಂದವು. ಉಳಿದವರು ಕಿಟಕಿಗೆ ಬಟ್ಟೆ ಕಟ್ಟಿಕೊಂಡು ಮಳೆ ಕಾದರು.

ಇಷ್ಟು ಸಾಲದು ಅಂತ 1943ರ ಜುಲೈ 5ರ ಮಧ್ಯರಾತ್ರಿ ಈ ಊರಿಗೆ ಬಾಂಬ್ ಬೇರೆ ಬಿತ್ತು! ಹಾಕಿದ್ದು ಶತ್ರುಗಳಲ್ಲ, ಅಮೆರಿಕದ್ದೇ ವಿಮಾನ. ತರಬೇತಿಗೆ ಹೊರಟವರು ದಾರಿ ತಪ್ಪಿ, ಕೋರ್ಟ್ ಸುತ್ತಲಿನ ದೀಪಗಳನ್ನೇ ಗುರಿ ಅಂತ ತಿಳಿದು ಆರು ಅಭ್ಯಾಸದ ಬಾಂಬ್ ಹಾಕಿದರು. ಯಾರೂ ಸಾಯಲಿಲ್ಲ. ಊರವರು ಈಗ ಅದರ ಸ್ಮಾರಕ ಇಟ್ಟಿದ್ದಾರೆ. ಇದನ್ನೂ ನೋಡಿದ್ದಾಯ್ತು ಅನ್ನೋ ಥರ.

10/10
1950ರ ಹೊತ್ತಿಗೆ ಜನ 4,589ಕ್ಕೆ ಏರಿದರು. ಅಲ್ಲಿಂದ ಪ್ರತಿ ಜನಗಣತಿಯಲ್ಲೂ ಇಳಿಕೆಯೇ. 2000ದಲ್ಲಿ 3,148, 2010ರಲ್ಲಿ 2,475, 2020ರಲ್ಲಿ 2,296. ಈ ಸಲ ಧೂಳಲ್ಲ. ಯಂತ್ರ ದೊಡ್ಡದಾಯ್ತು, ಜಮೀನುಗಳು ಒಬ್ಬೊಬ್ಬರ ಕೈಯಲ್ಲೇ ಸೇರಿದವು, ಮಕ್ಕಳು ಓದೋಕೆ ಅಂತ ಹೋಗಿ ವಾಪಸ್ ಬರಲಿಲ್ಲ.

ಬೇಸಾಯ ನಿಂತಿಲ್ಲ. ಆದರೆ ನೀರಾವರಿಗೆ ನೀರು ಬರೋದು ನೆಲದಡಿಯ ಓಗಲಾಲಾ ಜಲಪದರದಿಂದ. ಎಂಟು ರಾಜ್ಯಗಳ ಕೆಳಗೆ ಹರಡಿರೋ ಈ ನೀರು ಸಾವಿರಾರು ವರ್ಷಗಳಲ್ಲಿ ಸೇರಿದ್ದು. ಮೇಲೆತ್ತೋ ವೇಗಕ್ಕೆ ಮಳೆ ತುಂಬಿಕೊಡಲ್ಲ, ಮಟ್ಟ ಇಳೀತಿದೆ. ಒಬ್ಬೊಬ್ಬರ ಲೆಕ್ಕ ಮತ್ತೆ ಸರಿಯಾಗೇ ಇದೆ: ನಾನು ಎತ್ತದಿದ್ದರೆ ಪಕ್ಕದವನು ಎತ್ತುತ್ತಾನೆ.

ಮುಂದಿನ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದರೆ ಭೂಮಿಗೆ ಸವಕಳಿ ಇಲ್ಲ ಅಂತಲೇ ಬರೀತೀನಿ, ಮಾರ್ಕ್ಸ್ ಬೇಕಲ್ಲ. ಆದರೆ ಲೆಡ್ಜರ್‌ನಲ್ಲಿ ಇರೋದು ಸರ್ವೆ ನಂಬರು, ಎಕರೆ ಮತ್ತು ಬೆಲೆ. ಮಣ್ಣಿಗೆ ಅಲ್ಲಿ ಕಾಲಂ ಇಲ್ಲ. 1936ರಲ್ಲೂ ಆ ರೈತನ ಎಕರೆಗಳಲ್ಲಿ ಒಂದೂ ಕಡಿಮೆ ಆಗಿರಲಿಲ್ಲ. ಮೊದಲ ಸ್ಲೈಡಿಗೆ ವಾಪಸ್ ಹೋಗಿ ಇನ್ನೊಮ್ಮೆ ನೋಡಿ.

ಇಲ್ಲಿವರೆಗೂ ಓದಿದವರು ಕಾಮೆಂಟಲ್ಲಿ ಒಂದು 🌾 ಹಾಕಿ, ಎಷ್ಟು ಜನ ಇದ್ದೀರ ನೋಡೋಣ. ನಿಮ್ಮ ಮನೇಲಿ ಜಮೀನಿದ್ದರೆ ಅಜ್ಜ ಅಜ್ಜಿಯ ಹತ್ತಿರ ಒಂದು ಮಾತು ಕೇಳಿ: ಅವರು ಚಿಕ್ಕವರಿದ್ದಾಗ ಆ ಮಣ್ಣು ಹೇಗಿತ್ತು?

#ಇತಿಹಾಸ #ಸಿಮರಾನ್ #ಕನ್ನಡದಲ್ಲಿಓದಿ