ಬಣ್ಣ ಹಚ್ಚಿ ಬದುಕಿದವರು: ಶಿರಸಿ, ಸಿದ್ದಾಪುರ, ಯಲ್ಲಾಪುರದ ವೃತ್ತಿರಂಗ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ದೇವಿಯನ್ನು ಬಿಡಕಿಬೈಲಿನ ಗದ್ದುಗೆಗೆ ತರುವ ಮೊದಲೇ ಊರಿಗೆ ಬರುವವು ನಾಟಕ ಕಂಪನಿಗಳ ಲಾರಿಗಳು. ಕಂಬ, ತಗಡು, ಪರದೆ, ಟ್ರಂಕು, ಅಡುಗೆಯ ಪಾತ್ರೆಗಳು, ಅವುಗಳ ಮೇಲೆ ಕೂತ ಮಕ್ಕಳು. ಖಾಲಿ ಬಯಲಿನಲ್ಲಿ ತಗಡು ಬಡಿಯುವ ಸದ್ದು ಕೇಳಿದರೆ ನಮಗೆ ಜಾತ್ರೆ ಶುರುವಾದಂತೆ. ನಾಟಕ ನೋಡಿದ್ದಕ್ಕಿಂತ, ನೋಡಬಾರದೆಂದು ಹಿರಿಯರು ತಡೆದದ್ದೇ ನಮಗೆ ಹೆಚ್ಚು ನೆನಪಿದೆ. ‘ಕಂಪನಿಯವರು’ ಎಂಬ ಮಾತನ್ನು ನಮ್ಮ ಊರಿನವರು ಎರಡು ದನಿಯಲ್ಲಿ ಹೇಳುತ್ತಿದ್ದರು. ಸಂಜೆ ಟಿಕೆಟ್ಟಿನ ಸಾಲಿನಲ್ಲಿ ನಿಂತಾಗ ಅದರಲ್ಲಿ ಬೆರಗಿತ್ತು. ಮರುದಿನ ಬಾಡಿಗೆಗೆ ಮನೆ ಕೇಳಿಕೊಂಡು ಅವರೇ ಬಾಗಿಲಿಗೆ ಬಂದಾಗ ಅದೇ ಮಾತಿನಲ್ಲಿ ಬೇರೇನೋ ಇತ್ತು.

ಈ ಎರಡು ದನಿಗಳ ನಡುವೆಯೇ ವೃತ್ತಿರಂಗಭೂಮಿಯ ಬದುಕು ಸಾಗಿಬಂದಿದೆ. ಅದರ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಗದಗ, ಗುಬ್ಬಿ, ಬೆಳಗಾವಿ, ದಾವಣಗೆರೆಯನ್ನು ಹೇಳಿ ಮುಗಿಸುತ್ತಾರೆ. ಆದರೆ ಆ ಚರಿತ್ರೆಯ ಒಂದು ಎಳೆ ನಮ್ಮ ಜಿಲ್ಲೆಯಿಂದಲೇ ಹೊರಟದ್ದು. ಘಟ್ಟದ ಕೆಳಗಿನ ಹೊನ್ನಾವರ ತಾಲೂಕಿನ ಕರ್ಕಿ ಎಂಬ ಊರಿನ ಯಕ್ಷಗಾನ ಮೇಳವೊಂದು 1842ರಲ್ಲಿ ಸಾಂಗ್ಲಿಗೆ ಹೋಗಿ ಅಲ್ಲಿನ ದೊರೆ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟವಾಡಿತು. ಅದನ್ನು ನೋಡಿ ಮೆಚ್ಚಿದ ದೊರೆ, ಇಂಥದ್ದು ಮರಾಠಿಯಲ್ಲೂ ಆಗಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಭಾವೆಯವರ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ. ಮುಂದೆ ಮರಾಠಿ ಕಂಪನಿಗಳು ಧಾರವಾಡ, ಗದಗಿನವರೆಗೂ ಬಂದು ಜನರನ್ನು ಮರುಳು ಮಾಡಿದವು. ಅದರಿಂದ ನೊಂದ ಶಾಂತಕವಿಗಳು 1870ರ ದಶಕದಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಉತ್ತರ ಕನ್ನಡದಿಂದ ಹೋದ ಬೀಜ ಸಾಂಗ್ಲಿಯಲ್ಲಿ ಮೊಳೆತು, ಗದಗಿನಲ್ಲಿ ಗಿಡವಾಗಿ, ಕೊನೆಗೆ ತಗಡಿನ ಥಿಯೇಟರಾಗಿ ಶಿರಸಿಯ ಜಾತ್ರೆಗೆ ಮರಳಿತು ಎನ್ನಬಹುದು. ಸಾಂಗ್ಲಿಗೆ ಹೋದ ಕರ್ಕಿಯ ಆ ಕಲಾವಿದರೂ ಹೊಟ್ಟೆಪಾಡಿಗಾಗಿಯೇ ಊರು ಬಿಟ್ಟು ಹೊರಟಿದ್ದವರು ಎಂಬುದನ್ನು ನಾವು ಮರೆಯುವುದುಂಟು.

ಮಲೆನಾಡಿನಲ್ಲಿ ಕಂಪನಿ ನಡೆಸುವುದು ಬಯಲುಸೀಮೆಯಲ್ಲಿ ನಡೆಸಿದಂತಲ್ಲ. ಇಲ್ಲಿ ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡುವುದಿಲ್ಲ. ಸಿದ್ದಾಪುರದ ಕಡೆಗಂತೂ ಕೇಳುವುದೇ ಬೇಡ. ತಗಡಿನ ಮೇಲೆ ಮಳೆ ಬಿದ್ದರೆ ನಟನ ಮಾತು ಎರಡನೇ ಸಾಲಿಗೂ ಮುಟ್ಟದು. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ, ಮಳೆಗೆ ಮುಂಚಿನ ಕಾಲ, ಇವೆರಡೂ ಕೂಡಿದ ಕೆಲವು ತಿಂಗಳೇ ಸುಗ್ಗಿ. ಅದರಲ್ಲೂ ಜಾತ್ರೆಯ ಎಂಟೊಂಬತ್ತು ದಿನಗಳ ಮೇಲೆ ಮಾಲೀಕ ತನ್ನ ವರ್ಷದ ಸಾಲ ತೀರಿಸುವ ಲೆಕ್ಕ ಇಟ್ಟಿರುತ್ತಾನೆ. ಜಾಗಕ್ಕೆ ಹಣ, ಲಾರಿಗೆ ಬಾಡಿಗೆ, ವಿದ್ಯುತ್ತಿಗೆ ಠೇವಣಿ, ಕಲಾವಿದರಿಗೆ ಮುಂಗಡ. ಪರದೆ ಏಳುವ ಮೊದಲೇ ಇವೆಲ್ಲ ಕೊಟ್ಟಾಗಿರುತ್ತದೆ. ಒಂದು ಮುಕ್ಕಾಂನಲ್ಲಿ ಕಲೆಕ್ಷನ್ ಕೈಕೊಟ್ಟರೆ ಮುಂದಿನ ಊರಿಗೆ ಸಾಮಾನು ಸಾಗಿಸಲು ಮತ್ತೆ ಸಾಲ.

ಕಲಾವಿದರ ಪಾಡು ಇನ್ನೊಂದು ಬಗೆ. ಜಾತ್ರೆಯ ದಿನಗಳಲ್ಲಿ ದಿನಕ್ಕೆ ಮೂರು ಆಟಗಳಾದರೂ ನಡೆಯುತ್ತವೆ. ಮಧ್ಯಾಹ್ನ ಅತ್ತ ತಾಯಿ ಸಂಜೆ ಮತ್ತೆ ಅಳಬೇಕು, ರಾತ್ರಿ ಇನ್ನೊಮ್ಮೆ ಅಳಬೇಕು. ಒಂದು ಆಟದ ಬಣ್ಣ ತೊಳೆಯುವಷ್ಟರಲ್ಲಿ ಇನ್ನೊಂದರ ಗಂಟೆ ಬಾರಿಸುತ್ತದೆ. ಪರದೆಯ ಹಿಂದೆ ತೊಟ್ಟಿಲು, ಪಕ್ಕದಲ್ಲಿ ಒಲೆ. ಮಕ್ಕಳ ಶಾಲೆ ಮುಕ್ಕಾಂ ಬದಲಾದಂತೆ ಬದಲಾಗುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಆದರೂ ಈ ಜನ ಯಾಕೆ ಬಿಟ್ಟುಹೋಗಲಿಲ್ಲ? ಕೇಳಿದರೆ ಅವರು ಕಷ್ಟದ ಮಾತು ಹೇಳಿ ಮುಗಿಸಿ, ಆಮೇಲೆ ನಗುತ್ತಾ ಇನ್ನೊಂದು ಹೇಳುತ್ತಾರೆ. ಎರಡು ಸಾವಿರ ಜನ ಒಮ್ಮೆಲೇ ಉಸಿರು ಹಿಡಿದು ಕೂತಾಗಿನ ನಿಶ್ಶಬ್ದ. ಹಾಡು ಮುಗಿದೊಡನೆ ಹಿಂದಿನ ಸಾಲಿನಿಂದ ಬರುವ ‘ವನ್ಸ್ ಮೋರ್’. ಮರುದಿನ ಪೇಟೆಯಲ್ಲಿ ತರಕಾರಿ ಮಾರುವವಳು ಪಾತ್ರದ ಹೆಸರಿನಿಂದಲೇ ಕರೆದು ಒಂದು ಹಿಡಿ ಸೊಪ್ಪು ಹೆಚ್ಚು ಹಾಕಿದ್ದು. ಮನೆ ಬಾಡಿಗೆಗೆ ಕೊಡದ ಊರು ಸೊಪ್ಪನ್ನು ಹೆಚ್ಚು ಕೊಡುತ್ತದೆ!

ನಿಜವಾಗಿ ನೋಡಿದರೆ ಕಂಪನಿ ನಾಟಕ, ಸಮಾಜ ಹೊರಗಿಟ್ಟ ಅನೇಕರಿಗೆ ಒಳಗೆ ಬರುವ ಬಾಗಿಲಾಗಿತ್ತು. ಮಾಲೀಕ ನೋಡುತ್ತಿದ್ದದ್ದು ಕಂಠ ಮತ್ತು ಕಲೆಕ್ಷನ್. ಬೀಳಗಿಯ ಅಮೀರಬಾಯಿ ಕರ್ನಾಟಕಿ ಮತ್ತು ಗೋಹರಬಾಯಿ ಎಂಬ ಮುಸ್ಲಿಂ ಅಕ್ಕತಂಗಿಯರು ರಂಗದ ಮೇಲೆ ಹಾಡಿ ಬೆಳೆದವರು. ಗೋಹರಬಾಯಿ ಮರಾಠಿ ರಂಗಭೂಮಿಯ ದಂತಕಥೆ ಬಾಲಗಂಧರ್ವರ ಜೊತೆ ಪಾತ್ರ ಮಾಡಿದರು, ಅವರ ಬಾಳಿನ ಜೊತೆಗಾರ್ತಿಯೂ ಆದರು. ಅಮೀರಬಾಯಿ ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೇ ಪರಿಚಿತರಾದರು. ಅವರ ಬಗ್ಗೆ ರಹಮತ್ ತರೀಕೆರೆಯವರು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಹಳೆಯ ಮೈಸೂರಿನಲ್ಲಿ ಮಹಮದ್ ಪೀರ್ ಚಂದ್ರಕಲಾ ನಾಟಕ ಮಂಡಳಿ ಕಟ್ಟಿ ‘ಷಹಜಹಾನ್’, ‘ಗೌತಮ ಬುದ್ಧ’, ‘ಸಂಸಾರ ನೌಕೆ’ಗಳನ್ನು ಆಡಿದರು. ಬಿ.ಆರ್. ಪಂತುಲು, ಎಂ.ವಿ. ರಾಜಮ್ಮ ಅವರ ಕಂಪನಿಯಲ್ಲಿ ಪಳಗಿದವರು. ಷಹಜಹಾನನಾಗಿ ನಿಂತವನೇ ಬುದ್ಧನಾಗಿಯೂ ನಿಂತರೆ ಆ ಕಾಲದ ಪ್ರೇಕ್ಷಕರಿಗೆ ಅದು ವಿಶೇಷವೆನಿಸಲಿಲ್ಲ. ಇಂದು ನಾವು ಅದನ್ನು ವಿಶೇಷವೆಂದು ಬರೆಯಬೇಕಾಗಿದೆ.

ಬಾಗಿಲು ತೆರೆದಿತ್ತೆಂದು ಒಳಗಿನದೆಲ್ಲ ಸುಖವೆಂದಲ್ಲ. ಹೆಣ್ಣುಮಕ್ಕಳ ಮಟ್ಟಿಗೆ ಈ ಮಾತು ಹೆಚ್ಚು ನಿಜ. ಟಿ.ವಿ. ಬಂದ ಮೇಲೆ ಕಲೆಕ್ಷನ್ ಇಳಿಯಿತು, ಅದನ್ನು ಎತ್ತಲು ದ್ವಂದ್ವಾರ್ಥದ ಹಾಸ್ಯ ಹೆಚ್ಚಾಯಿತು. ಅಂಥ ಮಾತಿನ ಗುರಿ ಯಾವಾಗಲೂ ನಟಿಯೇ. ಮಾತು ಬರೆದವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ಮಾಲೀಕನನ್ನು ಯಾರೂ ಬಯ್ಯುವುದಿಲ್ಲ, ಊರಿನ ಬಾಯಿಗೆ ಬೀಳುವವಳು ಅವಳು. ಇದನ್ನು ಕಂಪನಿಯ ತಪ್ಪೆಂದು ಮಾತ್ರ ಹೇಳಲಾರೆವು. ಶಿಳ್ಳೆ ಹೊಡೆದ ಸಭ್ಯ ಗೃಹಸ್ಥರೂ ಅದರಲ್ಲಿ ಪಾಲುದಾರರು.

ಯಕ್ಷಗಾನದ ವೃತ್ತಿಮೇಳಗಳದ್ದು ಇದೇ ನೆಲದ ಇನ್ನೊಂದು ಕಥೆ. ಅಲ್ಲಿ ಹೆಣ್ಣಿಗೆ ಬಹುಕಾಲ ಜಾಗವೇ ಇರಲಿಲ್ಲ, ಸ್ತ್ರೀವೇಷವೂ ಗಂಡಸರದೇ. ಹರಕೆಯ ಬಯಲಾಟವಿದ್ದದ್ದು ಟೆಂಟಿನೊಳಗೆ ಟಿಕೆಟ್ಟಿನ ಆಟವಾದಾಗ ಮೇಳಗಳಿಗೂ ಕಂಪನಿಯ ಕಷ್ಟಗಳೇ ಬಂದವು. ಎರಡನೇ ತರಗತಿಗೆ ಶಾಲೆ ಬಿಟ್ಟ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ದಶಕಗಳ ಕಾಲ ರಾತ್ರಿಯಿಡೀ ಕುಣಿದು, 2012ರಲ್ಲಿ ಪದ್ಮಶ್ರೀ ಪಡೆದರು. 2017ರಲ್ಲಿ ತೀರಿಕೊಂಡರು. ಅವರ ಹೆಸರನ್ನು ಭಿತ್ತಿಪತ್ರದಲ್ಲಿ ಕಂಡರೆ ಶಿರಸಿ, ಸಿದ್ದಾಪುರದ ಹಳ್ಳಿಗಳಿಂದ ಜನ ಗಾಡಿ ಮಾಡಿಕೊಂಡು ಬರುತ್ತಿದ್ದರು. ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ರಾಮನ ವೇಷದಲ್ಲಿ ಕುಣಿಯುತ್ತಿದ್ದಾಗಲೇ ಅಸ್ವಸ್ಥರಾಗಿ ಕೊನೆಯುಸಿರೆಳೆದರು. ಇಂಥ ಸಾವನ್ನು ನಾವು ಪುಣ್ಯವೆಂದು ಕರೆಯುತ್ತೇವೆ. ಆದರೆ ಚೌಕಿಯಲ್ಲಿ ಗೆಜ್ಜೆ ಬಿಚ್ಚುವ ಹೆಸರಿಲ್ಲದ ವೇಷಧಾರಿಗೆ ಬೇಕಾಗಿರುವುದು ಪುಣ್ಯವಲ್ಲ; ಮೊಣಕಾಲು ಸೋತ ಮೇಲೆ ಬರುವ ಮಾಸಾಶನ.

ಮೇಳದವರು ವರ್ಷದ ಸಂಚಾರಕ್ಕೆ ‘ತಿರುಗಾಟ’ ಎನ್ನುತ್ತಾರೆ. ಸಿದ್ದಾಪುರದ ಗಡಿ ದಾಟಿದರೆ ಸಿಗುವ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ, 1949ರಲ್ಲಿ ಹುಟ್ಟಿದ ನೀನಾಸಂ 1985ರಲ್ಲಿ ಸಂಚಾರಿ ನಾಟಕ ತಂಡ ಕಟ್ಟಿದಾಗ ಇದೇ ಹೆಸರನ್ನು ಇಟ್ಟುಕೊಂಡಿತು. ಕೆ.ವಿ. ಸುಬ್ಬಣ್ಣನವರ ಯೋಚನೆ ಸರಳವಾಗಿತ್ತು: 1980ರಲ್ಲಿ ತೆರೆದ ರಂಗಶಾಲೆಯಲ್ಲಿ ಕಲಿತವರಿಗೆ ಕೆಲಸ ಬೇಕು, ಊರುಗಳಿಗೆ ಒಳ್ಳೆಯ ನಾಟಕ ಬೇಕು. ತಿರುಗಾಟದಲ್ಲಿ ಮಾಲೀಕನಿಲ್ಲ. ಊರಿನ ಸಂಘಟಕರು ತಂಡವನ್ನು ಕರೆಸಿ, ಟಿಕೆಟ್ ಮಾರಿ, ಊಟ ವಸತಿ ನೋಡಿಕೊಳ್ಳುತ್ತಾರೆ. ಶೇಕ್ಸ್‌ಪಿಯರನ ರಾಜನಾಗುವವನೇ ಮಧ್ಯಾಹ್ನ ಲಾರಿಯಿಂದ ಹಲಗೆ ಇಳಿಸುತ್ತಾನೆ, ರಾಣಿಯಾಗುವವಳು ದೀಪದ ತಂತಿ ಎಳೆಯುತ್ತಾಳೆ. ರಾತ್ರಿ ಆಟ ಮುಗಿದ ಮೇಲೆ ಇಬ್ಬರೂ ಅದನ್ನೆಲ್ಲ ಮತ್ತೆ ಲಾರಿಗೆ ಏರಿಸುತ್ತಾರೆ. ಸಂಬಳ ಆ ಋತುವಿಗೆ ಮಾತ್ರ. ಮುಂದಿನ ವರ್ಷದ ತಂಡ ಬೇರೆ. ಕಂಪನಿಯ ಸಾಲದ ಹಿಡಿತ ಇಲ್ಲಿಲ್ಲ, ಕಂಪನಿ ಕೊಡುತ್ತಿದ್ದ ಜೀವಮಾನದ ನೌಕರಿಯೂ ಇಲ್ಲ.

ಈ ಚರಿತ್ರೆಯಲ್ಲಿ ಯಲ್ಲಾಪುರಕ್ಕೆ ಒಂದು ವಿಶೇಷ ಜಾಗವಿದೆ. ಅಲ್ಲಿನ ಮಂಚಿಕೇರಿಯ ಸುತ್ತ ಸಿದ್ದಿ ಜನರ ಊರುಗಳಿವೆ. ಆಫ್ರಿಕದಿಂದ ಗುಲಾಮರಾಗಿ ಬಂದವರ ಪೀಳಿಗೆ ಇದು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿಗಳಲ್ಲಿ ಹಂಚಿಹೋಗಿದ್ದಾರೆ. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ, ಢಮಾಮಿಯ ಬಡಿತ ಮಾತ್ರ ಒಂದೇ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡವೆಂದು ಸರಕಾರ ಗುರುತಿಸಿದ್ದು 2003ರಲ್ಲಿ. ರಂಗಭೂಮಿ ಅವರನ್ನು ಗುರುತಿಸಿದ್ದು ಅದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲು. ಚಿನುವಾ ಅಚಿಬೆಯ 1958ರ ಪ್ರಸಿದ್ಧ ಕಾದಂಬರಿಯನ್ನು ಆಧರಿಸಿದ ನಾಟಕವನ್ನು ನೀನಾಸಂನ ಚಿದಂಬರರಾವ್ ಜಂಬೆ ಸಿದ್ದಿಗಳಿಂದಲೇ ಆಡಿಸಿದರು. ಗದ್ದೆ, ತೋಟಗಳಲ್ಲಿ ಕೂಲಿ ಮಾಡಿ ಬಂದವರು ಸಂಜೆ ತಾಲೀಮಿಗೆ ನಿಂತರು. ಬಿಳಿಯರು ಬಂದು ಒಡೆದ ಆಫ್ರಿಕದ ಊರೊಂದರ ಕಥೆಯನ್ನು, ಆಫ್ರಿಕವನ್ನು ಕಾಣದ ಈ ಜನ, ಕನ್ನಡದಲ್ಲಿ ಆಡಿದರು.

ಮಂಚಿಕೇರಿಯ ಕಡೆಯಿಂದ ಹಲವರು ಮುಂದೆ ರಂಗಶಾಲೆಗೆ ಹೋದರು. ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಹೀಗೆ ನೀನಾಸಂನಲ್ಲಿ ಕಲಿತು ನಟನೆಯನ್ನೇ ವೃತ್ತಿ ಮಾಡಿಕೊಂಡವರು. ಪ್ರಶಾಂತ್ 2011ರ ‘ಪರಮಾತ್ಮ’ ಚಿತ್ರದಿಂದ ನಾಡಿಗೆಲ್ಲ ಗೊತ್ತಾದರು. ನಾಟಕ ಈ ನಟರ ದನಿಯನ್ನು ಮೊದಲು ಕೇಳಿತು, ಸಿನಿಮಾ ಅವರ ಗುಂಗುರು ಕೂದಲನ್ನು ಮೊದಲು ನೋಡಿತು ಎಂಬುದು ನಮ್ಮ ಅನಿಸಿಕೆ. ಆದರೆ ಮನೆಗೆ ಅಕ್ಕಿ ತರುವ ಹೊತ್ತಿಗೆ ಸಿನಿಮಾವೇ ಗಟ್ಟಿ. ರಂಗಶಾಲೆ ಮುಗಿಸಿದ ಪ್ರತಿಯೊಬ್ಬರೂ ಬೆಂಗಳೂರಿನ ಬಸ್ಸು ಹತ್ತುವ ಮೊದಲು ಈ ಲೆಕ್ಕ ಹಾಕಲೇಬೇಕು.

2020ರ ಶಿರಸಿ ಜಾತ್ರೆ ಮಾರ್ಚ್ ತಿಂಗಳಲ್ಲಿ ಮುಗಿದ ಕೆಲವೇ ದಿನಗಳಲ್ಲಿ ದೇಶವೆಲ್ಲ ಲಾಕ್‌ಡೌನ್ ಆಯಿತು. ಕಂಪನಿಗಳು ಇದ್ದ ಊರಲ್ಲೇ ನಿಂತವು, ಮೇಳಗಳ ತಿರುಗಾಟ ಅರ್ಧಕ್ಕೆ ಮುರಿಯಿತು. ಆಟವಿದ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ ಎಂಬ ಬದುಕಿನಲ್ಲಿ ಎರಡು ಹಂಗಾಮು ಹೋದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ತರಕಾರಿ ಗಾಡಿ ಹಿಡಿದವರಿದ್ದರು, ಕಟ್ಟಡದ ಕೆಲಸಕ್ಕೆ ಹೋದವರಿದ್ದರು. ಕೆಲವರು ಮರಳಲಿಲ್ಲ.

2022ರಲ್ಲಿ ಜಾತ್ರೆ ಮತ್ತೆ ನಡೆಯಿತು. ಲಾರಿಗಳು ಬಂದವು, ಕಂಬ ನೆಟ್ಟರು, ತಗಡು ಬಡಿಯುವ ಸದ್ದಿಗೆ ಸುತ್ತ ಮಕ್ಕಳು ಸೇರಿದರು. ಊರಿನ ಮಕ್ಕಳು ಗಂಟೆ ಹೊಡೆದೊಡನೆ ಶಾಲೆಗೆ ಓಡಿದರು. ಉಳಿದವರು ಕಂಪನಿಯ ಮಕ್ಕಳು. ಅವರು ಅಲ್ಲಿಯೇ ನಿಂತು ಮೊಳೆ ಎತ್ತಿಕೊಡುತ್ತಿದ್ದರು.