ಹರಕೆಯ ಮುಡಿಪು, ವೈದ್ಯರ ಚೀಟಿ

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇಗುಲವಿದೆ. ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರಿಗೆ ಮುಡಿಪು ಇಡುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಆ ಕಾಯಿಲೆ ಕ್ಯಾನ್ಸರ್ ಆಗಿದ್ದರೆ? ದೇವರನ್ನು ನಂಬಿದವರು ಆಸ್ಪತ್ರೆಗೆ ಹೋದರೆ ನಂಬಿಕೆಗೆ ಕುಂದು ಬಂದಂತೆಯೇ? ಈ ಅಳುಕಿನಲ್ಲಿ ಕಳೆಯುವ ತಿಂಗಳುಗಳೇ ಎಷ್ಟೋ ಸಲ ರೋಗಿಯ ಜೀವಕ್ಕೆ ಎರವಾಗುತ್ತವೆ.

ರೋಗ ಹೊಸದೇನಲ್ಲ. ಸುಶ್ರುತ ಸಂಹಿತೆ ‘ಅರ್ಬುದ’ವೆಂಬ ಗಡ್ಡೆಗಳನ್ನು ವರ್ಣಿಸುತ್ತದೆ, ಕೊಯ್ದು ತೆಗೆಯುವಾಗ ಸ್ವಲ್ಪ ಉಳಿದರೂ ಮತ್ತೆ ಬೆಳೆಯುತ್ತದೆಂದು ಎಚ್ಚರಿಸುತ್ತದೆ.

ಶ್ರೀರಾಮಕೃಷ್ಣ ಪರಮಹಂಸರಿಗೆ 1885ರಲ್ಲಿ ಗಂಟಲಿನ ಕ್ಯಾನ್ಸರ್ ಕಾಣಿಸಿಕೊಂಡಿತು. ಕಲ್ಕತ್ತೆಯ ಹೆಸರಾಂತ ವೈದ್ಯ, ವಿಜ್ಞಾನದ ಪಕ್ಷಪಾತಿ ಮಹೇಂದ್ರಲಾಲ್ ಸರ್ಕಾರ್ ಚಿಕಿತ್ಸೆ ನೀಡಿದರು. ಪರಮಹಂಸರು ಔಷಧವನ್ನು ನಿರಾಕರಿಸಲಿಲ್ಲ. ಕಾಶೀಪುರದ ತೋಟದ ಮನೆಯಲ್ಲಿ ಹಗಲಿರುಳು ಅವರ ಶುಶ್ರೂಷೆಗೆ ನಿಂತ ತರುಣರೇ ಮುಂದೆ ರಾಮಕೃಷ್ಣ ಸಂಘದ ಮೊದಲ ಸಂನ್ಯಾಸಿಗಳಾದರು. 1886ರ ಆಗಸ್ಟ್ 16ರಂದು ಪರಮಹಂಸರು ತೀರಿಕೊಂಡರು. ಅದೇ ಸಂಘದ ಆಶ್ರಮ 1925ರಲ್ಲಿ ಮೈಸೂರಿಗೆ ಬಂತು. ಅಲ್ಲಿ ವಾಸವಿದ್ದ ಕುವೆಂಪು ಪರಮಹಂಸರ ಜೀವನಚರಿತ್ರೆಯನ್ನು ಕನ್ನಡಕ್ಕೆ ಕೊಟ್ಟರು.

ರಮಣ ಮಹರ್ಷಿಗಳ ಎಡತೋಳಿನಲ್ಲಿ ಗಡ್ಡೆ ಎದ್ದದ್ದು 1948ರಲ್ಲಿ. ಅವರು ನಾಲ್ಕು ಶಸ್ತ್ರಚಿಕಿತ್ಸೆಗಳಿಗೆ ಒಳಗಾದರು, ರೇಡಿಯಂ ಚಿಕಿತ್ಸೆಯೂ ನಡೆಯಿತು. ತೋಳನ್ನೇ ಕತ್ತರಿಸುವ ಸಲಹೆಯನ್ನು ಮಾತ್ರ ಒಪ್ಪಲಿಲ್ಲ. 1950ರ ಏಪ್ರಿಲ್ 14ರಂದು ದೇಹ ಬಿಟ್ಟರು. ಇಬ್ಬರು ಮಹನೀಯರಿಗೂ ಶ್ರದ್ಧೆ ರೋಗವನ್ನು ವಾಸಿ ಮಾಡಲಿಲ್ಲ. ರೋಗವನ್ನು ಎದುರಿಸುವ ಬಗೆಯನ್ನು ಕಲಿಸಿತು.

ಈ ಅರಿವನ್ನು ವೈದ್ಯಕೀಯವೂ ನಿಧಾನವಾಗಿ ಒಪ್ಪಿಕೊಂಡಿತು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮ ತೆರೆದ ಡಾಕ್ಟರ್ ಸಿಸಿಲಿ ಸೌಂಡರ್ಸ್, ರೋಗಿಯ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದೂ ಹೌದು ಎಂದು ತೋರಿಸಿದರು. ಅವರ ದಾರಿಯಲ್ಲಿ ಮಾರ್ಫಿನ್ ಮತ್ತು ಪ್ರಾರ್ಥನೆ ಒಂದಕ್ಕೊಂದು ವೈರಿಗಳಲ್ಲ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಗುಣವಾಗದ ಹಂತ ತಲುಪಿದವರನ್ನು ಉಚಿತವಾಗಿ ಆರೈಕೆ ಮಾಡುವ ಕರುಣಾಶ್ರಯ 1999ರಲ್ಲಿ ಬಾಗಿಲು ತೆರೆಯಿತು.

ಅಷ್ಟು ದೂರದ ನಿದರ್ಶನವೂ ಬೇಕಿಲ್ಲ. ಪಕ್ಕದ ನಾಗಮಂಗಲ ತಾಲ್ಲೂಕಿನಲ್ಲಿ, ಕಾಲಭೈರವನ ಕ್ಷೇತ್ರವಾದ ಆದಿಚುಂಚನಗಿರಿಯ ಮಠವೇ ವೈದ್ಯಕೀಯ ಕಾಲೇಜನ್ನೂ ಆಸ್ಪತ್ರೆಯನ್ನೂ ಕಟ್ಟಿಸಿದೆ. ಭೈರವನಿಗೆ ಕೈಮುಗಿದವರು ಅಲ್ಲಿ ಡಾಕ್ಟರನ್ನೂ ಕಾಣಬಹುದು.

ಮುಡಿಪು ಕಟ್ಟುವವರು ಕಟ್ಟಲಿ. ಆದರೆ ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಎದೆಯಲ್ಲಿ ಕೈಗೆ ಸಿಗುವ ಗಂಟು, ಮುಟ್ಟು ನಿಂತ ಮೇಲೂ ಹೋಗುವ ರಕ್ತ, ಇವುಗಳಲ್ಲಿ ಯಾವುದೇ ಇದ್ದರೂ ಹರಕೆ ತೀರಿಸುವ ದಿನಕ್ಕಾಗಿ ಕಾಯದೆ ಆ ವಾರವೇ ಆಸ್ಪತ್ರೆಗೆ ಹೋಗಬೇಕು. ಪರಮಹಂಸರೇ ವೈದ್ಯರಿಗೆ ಗಂಟಲು ತೋರಿಸಿದ ಮೇಲೆ ನಮಗೇಕೆ ಸಂಕೋಚ?