ಮೋಡಿ ಓದಬಲ್ಲವರು

ಹಳೆಯ ಮೈಸೂರಿನ ರೈತನು ಪಹಣಿಯೆಂದು ಕರೆಯುವ, ಸರಕಾರದ ಕಾಗದಪತ್ರಗಳಲ್ಲಿ ಆರ್‌ಟಿಸಿ ಎಂಬ ಮೂರಕ್ಷರವಾಗಿ ಕುಳಿತಿರುವ ಆ ಒಂದು ಹಾಳೆಗೆ ಬೆಳಗಾವಿ ಖಾನಾಪುರಗಳ ಸೀಮೆಯಲ್ಲಿ ಇಂದಿಗೂ ‘ಉತಾರ’ವೆಂದೇ ಹೆಸರು. ಕಣಕುಂಬಿಯ ಕಡೆಯಿಂದಲೋ ಜಾಂಬೋಟಿಯ ಕಡೆಯಿಂದಲೋ ಮಳೆಯಲ್ಲಿ ತೋಯ್ದ ಬಸ್ಸಿನಿಂದ ಖಾನಾಪುರದಲ್ಲಿಳಿದು, ಕೊಡೆಯನ್ನು ಮಡಿಸುತ್ತ ಕಿಟಕಿಯ ಮುಂದೆ ನಿಂತ ಹಿರಿಯನು, ಮನೆಮಾತು ಮರಾಠಿಯಿರಲಿ ಕನ್ನಡವಿರಲಿ, “ಉತಾರ ತಗಸಬೇಕ್ರಿ” ಎಂದೇ ಅನ್ನುತ್ತಾನೆ. ಶಬ್ದವು ಮರಾಠಿಯಿಂದ ಬಂದುದು, ಉತರಿಸುವುದೆಂದರೆ ಇಳಿಸುವುದು, ಮೂಲ ದಫ್ತರದಿಂದ ಬೇರೊಂದು ಹಾಳೆಗೆ ಇಳಿಸಿಕೊಂಡ ನಕಲೇ ಉತಾರ. ಗಣಕಯಂತ್ರದ ಮಂದಿ ದೂರದ ಯಂತ್ರದಿಂದ ಕಡತವನ್ನು ತರುವುದಕ್ಕೂ ‘ಇಳಿಸಿಕೊಳ್ಳುವುದು’ ಎಂಬ ಮಾತನ್ನೇ ಈಚೆಗೆ ರೂಢಿಸಿಕೊಂಡಿರುವುದನ್ನು ನೋಡಿದಾಗ, ನಮ್ಮ ಕುಲಕರ್ಣಿಗಳು ಕಾಲಕ್ಕಿಂತ ಎರಡು ಶತಮಾನ ಮುಂದೆ ಇದ್ದರೇನೋ ಎಂದು ನನಗೆ ನಗು ಬರುವುದುಂಟು.

ಆ ಕುಲಕರ್ಣಿಯ ದಫ್ತರದಿಂದಲೇ ಈ ಕಥೆಯನ್ನು ಆರಂಭಿಸಬೇಕು. 1818ರಲ್ಲಿ ಪೇಶವೆಯ ಆಳಿಕೆ ಮುಗಿದು ಈ ನಾಡು ಕುಂಪಣಿಯ ಕೈಸೇರಿದ ಬಳಿಕವೂ ಊರಲೆಕ್ಕವು ಬಹುಕಾಲ ಮೋಡಿಯಲ್ಲಿಯೇ ಸಾಗಿತು. ಮೋಡಿಯೆಂಬುದು ಮರಾಠಿಯ ಅವಸರದ ಲಿಪಿ. ಮೊದಲು ಕಾಗದದ ಉದ್ದಕ್ಕೂ ನೆತ್ತಿಗೆರೆಯನ್ನು ಎಳೆದುಕೊಂಡು, ಅನಂತರ ಬೊರುವನ್ನು ಆದಷ್ಟು ಮೇಲೆತ್ತದೆ, ಅಕ್ಷರದಿಂದ ಅಕ್ಷರಕ್ಕೆ ಬಳ್ಳಿಯಂತೆ ಹಬ್ಬಿಸುತ್ತ ಹೋಗುವ ಈ ಬರವಣಿಗೆಯಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಹ್ರಸ್ವ ಇಕಾರಕ್ಕೂ ದೀರ್ಘ ಈಕಾರಕ್ಕೂ ಭೇದವಿಲ್ಲ, ಉಕಾರ ಊಕಾರಗಳಿಗೂ ಇಲ್ಲ. ಬರೆದವನಿಗೆ ಊರಿನ ಪ್ರತಿಯೊಬ್ಬನ ಹೆಸರೂ ಗೊತ್ತಿದ್ದುದರಿಂದ ಆ ಭೇದದ ಅಗತ್ಯ ಅವನಿಗೆ ತೋರಲಿಲ್ಲ. ವಾಚಕರು ಈ ಇಕಾರದ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ.

ದಫ್ತರಕ್ಕೆ ಭಯವಿದ್ದುದು ಗೆದ್ದಲಿನಿಂದ ಮಾತ್ರವಲ್ಲ. 1830ರ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣನ ದಂಡು, ಇಂದು ಖಾನಾಪುರ ತಾಲ್ಲೂಕಿಗೆ ಸೇರಿದ ಬೀಡಿಯ ಕಚೇರಿಗೆ ಬೆಂಕಿಯಿಟ್ಟಿತು. ಭೂಮಿಯನ್ನು ಕಸಿದುಕೊಳ್ಳುವ ಕೈ ಯಾವುದೆಂಬುದನ್ನು ಆ ದಂಡಿನವರು ಚೆನ್ನಾಗಿ ಬಲ್ಲವರಾಗಿದ್ದರು. ಮರುವರ್ಷ ರಾಯಣ್ಣನನ್ನು ಅದೇ ಸೀಮೆಯ ನಂದಗಡದಲ್ಲಿ ಗಲ್ಲಿಗೇರಿಸಿದರು. ಅದಾದ ಮೇಲೆ ಬಂದುದು ಬ್ರಿಟಿಷ್ ಅಧಿಕಾರಿ ವಿಂಗೇಟನ ಮೋಜಣಿ. 33 ಅಡಿಯ ಸರಪಳಿಯನ್ನು ಹೊಲದ ಮೇಲೆ ಹಾಸಿ, ಒಂದು ಚದರ ಸರಪಳಿಯನ್ನು ಗುಂಟೆಯೆಂದೂ 40 ಗುಂಟೆಯನ್ನು ಎಕರೆಯೆಂದೂ ಗುಂಟೆಯ 16ನೆಯ ಪಾಲನ್ನು ಆಣೆಯೆಂದೂ ಹಿಡಿದ ಆ ಲೆಕ್ಕವು ಇಂದಿನ ಉತಾರದ ಮೇಲೂ ಎಕರೆ-ಗುಂಟೆ-ಆಣೆಗಳಾಗಿಯೇ ಮುದ್ರಿತವಾಗುತ್ತದೆ; ಈ ಕಥೆಯಲ್ಲಿ ಬದಲಾಗದೆ ಉಳಿದ ವಸ್ತು ಬಹುಶಃ ಅದೊಂದೇ. 1950ರ ಮುಂಬಯಿ ಸರಕಾರದ ಕಾಯಿದೆಯಿಂದ ಕುಲಕರ್ಣಿಕಿಯ ವತನವು ರದ್ದಾಗಿ ಅವನ ಸ್ಥಾನದಲ್ಲಿ ಸಂಬಳದ ತಲಾಠಿ ಬಂದನು; 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು; ಮೋಡಿಯನ್ನು ಮಕ್ಕಳಿಗೆ ಕಲಿಸುವ ಪರಿಪಾಠವೂ ಆ ಸುಮಾರಿಗೆ ನಿಂತಿತು. ರುಮಾಲುಗಳಲ್ಲಿ ಕಟ್ಟಿಟ್ಟ ಕಾಗದಗಳಿಗೆ ಏನೂ ಆಗಲಿಲ್ಲ. ಅವನ್ನು ಓದಬಲ್ಲವರು ಮಾತ್ರ ವರ್ಷೇವರ್ಷೇ ವಿರಳರಾಗುತ್ತ ಬಂದರು. ಇನಾಮಿನ ವ್ಯಾಜ್ಯವೋ ಭಾವುಕಿಯ ಹಿಸ್ಸೆಯೋ ಕೋರ್ಟಿಗೆ ಬಂದಾಗ ಪಕ್ಷಗಾರನು ಮೊದಲು ಹುಡುಕಬೇಕಾದುದು ವಕೀಲನನ್ನಲ್ಲ, ಮೋಡಿ ಬಲ್ಲ ಮುದುಕನೊಬ್ಬನನ್ನು ಎಂಬ ಸ್ಥಿತಿ ಬಂದಿತು.

ಗಣಕಯಂತ್ರವು ಈ ಸೀಮೆಗೆ ಬಂದಾಗ ಇಂಥ ಪೀಡೆ ತೊಲಗಿತೆಂದು ನಂಬದವರು ಯಾರು? 1980ರ ಸುಮಾರಿಗೆ ಅಮೆರಿಕದ ವೇಯ್ನ್ ರ್‍ಯಾಟ್ಲಿಫ್ ಎಂಬಾತನು, ಮೊದಲು ಫುಟ್‌ಬಾಲ್ ಬಾಜಿಯ ಲೆಕ್ಕವಿಡುವುದಕ್ಕೆಂದು ಬರೆದುಕೊಂಡ ಕ್ರಮವಿಧಿಯು ಡಿಬೇಸ್ ಎಂಬ ಹೆಸರಿನಿಂದ ಲೋಕವನ್ನೆಲ್ಲ ವ್ಯಾಪಿಸಿತು. ಅದರ ದಾಯಾದಿಗಳಾಗಿ ಕ್ಲಿಪ್ಪರ್, ಫಾಕ್ಸ್‌ಬೇಸ್, ಫಾಕ್ಸ್‌ಪ್ರೊಗಳು ಹುಟ್ಟಿದವು. ತೊಂಬತ್ತರ ದಶಕದ ಬೆಳಗಾವಿಯಲ್ಲಿ ಸೊಸಾಯಿಟಿಗಳ ಠೇವಣಿ, ಉದ್ಯಮಬಾಗದ ಫೌಂಡ್ರಿಗಳ ಹಾಜರಿಪಟ್ಟಿ, ಖಾನಾಪುರದ ಹೆಂಚಿನ ಕಾರ್ಖಾನೆಗಳ ಆವಕ-ಜಾವಕ ಇವೆಲ್ಲವೂ ಡಿಬಿಎಫ್ ಎಂಬ ಕಡತದೊಳಗೆ ಇಳಿಯತೊಡಗಿದುವು. ಆ ಕಡತದ ರಚನೆಯಾದರೋ ಕುಲಕರ್ಣಿಯ ಖಾತೆವಹಿಯಷ್ಟೇ ಸರಳವಾಗಿತ್ತು: ಮೊದಲಿಗೆ ಅಂಕಣಗಳ ಹೆಸರು, ಒಂದೊಂದು ಹೆಸರಿಗೂ ಹತ್ತೇ ಅಕ್ಷರದ ಮಿತಿ, ಆಮೇಲೆ ಸಾಲಾಗಿ, ಸಮಾನ ಅಗಲದ ಪಂಕ್ತಿಗಳು. ಕಡತವು ದಾಯಾದಿಗಳೆಲ್ಲರಿಗೂ ಸಾಮಾನ್ಯವಾದ ಆಸ್ತಿ. ಆದರೆ ಹೆಸರನ್ನು ಬೇಗನೆ ಹುಡುಕಲೆಂದು ಮಾಡಿಕೊಂಡ ಸೂಚಿಯನ್ನು ಪ್ರತಿಯೊಬ್ಬನೂ ತನ್ನದೇ ಬಗೆಯಲ್ಲಿ ಬರೆದುದರಿಂದ, ಕ್ಲಿಪ್ಪರಿನವನು ಸೇರಿಸಿದ ಪಂಕ್ತಿಯು ಫಾಕ್ಸ್‌ಪ್ರೊದ ಸೂಚಿಗೆ ತಿಳಿಯದು. ಕಡತದಲ್ಲಿ ಸದಸ್ಯನಿದ್ದಾನೆ, ಹುಡುಕಿದರೆ ಇಲ್ಲ. ದಫ್ತರದ ಕಾಲದಲ್ಲಿಯೂ ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಸಾಮಾನ್ಯವಾಗಿ ಉಳಿದು ಬದುವಿನ ಬಗ್ಗೆ ಜಗಳವಾಗುತ್ತಿತ್ತಷ್ಟೆ.

ಕನ್ನಡವನ್ನು ಈ ಯಂತ್ರಗಳೊಳಗೆ ಬಿಟ್ಟುಕೊಂಡ ವಿಧಾನವು ಇನ್ನಷ್ಟು ಕೌತುಕದ್ದು. ಐಐಟಿ ಕಾನಪುರದಲ್ಲಿ ಮೊದಲ್ಗೊಂಡು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ಎಂಬ ಫಲಕವನ್ನು ಯಂತ್ರದ ಹೊಟ್ಟೆಯೊಳಗೆ ಸಿಕ್ಕಿಸಿದರೆ ಪರದೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದುವು. ಅದು ನೆಮ್ಮಿದ ಇಸ್ಕಿ ಸಂಕೇತದಲ್ಲಿ, ಬ್ರಾಹ್ಮಿಯ ಸಂತಾನವಾದ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಕ್ರಮ. ಕನ್ನಡದ ಕಕಾರಕ್ಕೂ ನಾಗರಿಯ ಕಕಾರಕ್ಕೂ ಒಂದೇ ಅಂಕಿ. ಎಂದಮೇಲೆ ಕನ್ನಡದಲ್ಲಿ ಬರೆದ ಹೆಸರು ಒಂದು ಕೀಲಿಯನ್ನೊತ್ತಿದೊಡನೆ ಹಾಗೆಯೇ ನಾಗರಿಯಾಗಿ ನಿಲ್ಲುತ್ತಿತ್ತು. ನಾಮಫಲಕಗಳಲ್ಲಿ ಯಾವ ಲಿಪಿ ಮೇಲಿರಬೇಕೆಂಬುದಕ್ಕಾಗಿ ದಶಕಗಟ್ಟಲೆ ಕಾದಾಡಿದ ಬೆಳಗಾವಿಯಲ್ಲಿ ಇಂಥದೊಂದು ಸಮದರ್ಶಿಯಾದ ವಸ್ತುವು ಇದ್ದುಹೋಯಿತೆಂಬುದು ಇಂದು ಯಾರ ನೆನಪಿನಲ್ಲಿಯೂ ಇದ್ದಂತಿಲ್ಲ. ವಿಂಡೋಸ್ ಬಂದಮೇಲೆ ಫಲಕವನ್ನು ಸಿಕ್ಕಿಸುವ ಸ್ಥಾನವೂ ಹೋಯಿತು, ಫಲಕವೂ ಹೋಯಿತು.

ತೊಂಬತ್ತರ ದಶಕದ ಕೊನೆಯಲ್ಲಿ ಇನ್ನೊಂದು ವಿಚಿತ್ರವು ಲೋಕದ ಎಲ್ಲೆಡೆಯಲ್ಲಿಯೂ ಕಂಡುಬಂದಿತು. ಫಾಕ್ಸ್‌ಪ್ರೊ 2.6 ಎಂಬ ಆವೃತ್ತಿಯು ಆರಂಭವಾಗುವಾಗ, ತಾನಿರುವ ಯಂತ್ರದ ವೇಗವೆಷ್ಟೆಂಬುದನ್ನು ಅಳೆಯಲು ಒಂದು ಸಣ್ಣ ಎಣಿಕೆಯನ್ನು ಮಾಡಿ, ಹಿಡಿದ ಕಾಲದಿಂದ ಅದನ್ನು ಭಾಗಿಸುತ್ತಿತ್ತು. ಹಳೆಯ ಯಂತ್ರಗಳಲ್ಲಿ ಆ ಎಣಿಕೆಗೆ ಅಷ್ಟಿಷ್ಟು ಕಾಲ ಹಿಡಿಯುತ್ತಿತ್ತು. ಪೆಂಟಿಯಮ್-2 ಬಂದಾಗ ಎಣಿಕೆಯು ಎಷ್ಟು ತ್ವರೆಯಿಂದ ಮುಗಿಯಿತೆಂದರೆ, ಗಡಿಯಾರವು ಅಷ್ಟರೊಳಗೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಹಿಡಿದ ಕಾಲ ಸೊನ್ನೆ. ಸೊನ್ನೆಯಿಂದ ಭಾಗಿಸಲು ಹೋಗಿ ಕ್ರಮವಿಧಿಯು ಹೊಸ್ತಿಲಲ್ಲಿಯೇ ಬಿದ್ದಿತು. ದುರಸ್ತಿಯ ಹುಡುಗರು “ಮಷೀನ ಭಾಳ ಫಾಸ್ಟ ಐತ್ರಿ, ಅದಕ್ಕ ನಡೆಯಂಗಿಲ್ಲ” ಎನ್ನುವಾಗ, ಸಾಲ ಮಾಡಿ ಚುರುಕಾದ ಯಂತ್ರವನ್ನು ಕೊಂಡ ಮಾಲಕನ ಮುಖವು ಹೇಗಿದ್ದೀತೆಂಬುದನ್ನು ಊಹಿಸಿಕೊಳ್ಳಬಹುದು. ಇದಕ್ಕೇನೋ ತಿದ್ದುಪಡಿ ಬಂದಿತು. ಆದರೆ 64 ಬಿಟ್ಟಿನ ವಿಂಡೋಸ್ ಬಂದಾಗ, ಡಾಸ್ ಕಾಲದ 16 ಬಿಟ್ಟಿನ ಕ್ರಮವಿಧಿಗಳನ್ನು ಅದು ಒಳಗೇ ಬಿಡಲಿಲ್ಲ. ಹೀಗಾಗಿ ಹಲವು ಕಚೇರಿಗಳ ಮೂಲೆಯಲ್ಲಿ ಬಟ್ಟೆ ಹೊದಿಸಿದ ಹಳೆಯ ಯಂತ್ರವೊಂದು, ಕಿರಿಕಿರಿ ಸದ್ದಿನ ಡಾಟ್‌ಮ್ಯಾಟ್ರಿಕ್ಸ್ ಮುದ್ರಕದೊಡನೆ, ವೃದ್ಧ ಪಿತಾಮಹನಂತೆ ಉಳಿದುಕೊಂಡಿತು. ಅದು ಕೆಟ್ಟರೆ ಬಿಡಿಭಾಗವಿಲ್ಲ, ಕೆಡದಿದ್ದರೆ ವಿಶ್ರಾಂತಿಯಿಲ್ಲ.

ಇಂತಿರಲು, ಉತಾರದ ಪಾಲಿಗೆ ಬಂದುದು ‘ಭೂಮಿ’ ಯೋಜನೆ. ಹಿರಿಯ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದವರು ರೂಪಿಸಿದ ತಂತ್ರಾಂಶದಿಂದ, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು 2002ರ ವೇಳೆಗೆ ತಾಲ್ಲೂಕು ಕಚೇರಿಗಳ ಗಣಕಯಂತ್ರವನ್ನು ಸೇರಿದುವು. 15 ರೂಪಾಯಿ ಕೊಟ್ಟರೆ ಅಚ್ಚಾದ ಉತಾರ ಕೈಗೆ ಬರುವಂತಾಯಿತು. ಕೈಬರಹದ ಪ್ರತಿಗೆ ಬೆಲೆಯಿಲ್ಲವಾಯಿತು. ಸಾವಿರಾರು ತಲಾಠಿಗಳ ಕಪಾಟುಗಳಲ್ಲಿದ್ದುದನ್ನು ಒಂದೆಡೆ ತಂದ ಆ ಪರಿಶ್ರಮವನ್ನು ನಾನು ಕಡಿಮೆಯೆಂದು ಎಣಿಸುವವನಲ್ಲ. ಅದರ ಮುಖಭಾಗವನ್ನು ವಿಷುಯಲ್ ಬೇಸಿಕ್‌ನಲ್ಲಿಯೂ ಬೆನ್ನೆಲುಬನ್ನು ಎಸ್‌ಕ್ಯೂಎಲ್ ಸರ್ವರ್‌ನಲ್ಲಿಯೂ ಕಟ್ಟಿದ್ದರು. ಆ ಕಾಲಕ್ಕೆ ಅದೇ ಒಪ್ಪುವ ಜೋಡಿಯಾಗಿತ್ತು. ಆದರೆ ಕಟ್ಟಡಕ್ಕೆ ಕಳಶವಿಡುವ 2002ರಲ್ಲಿಯೇ ವಿಷುಯಲ್ ಬೇಸಿಕ್‌ನ ಒಡೆಯರು ಆ ಭಾಷೆಯನ್ನು ಬುಡಸಹಿತ ಬದಲಿಸಿ ಡಾಟ್‌ನೆಟ್ ಎಂಬ ಹೊಸ ಪರಿಸರಕ್ಕೆ ಸಾಗಿಸಿಬಿಟ್ಟರು. ಹೆಸರು ಅದೇ, ವ್ಯಾಕರಣ ಬೇರೆ. ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ಉಪಕರಣವೊಂದನ್ನು ಜೊತೆಯಲ್ಲಿ ಕೊಟ್ಟರಾದರೂ, ಅದು ಮಾಡಿದ ಕೆಲಸವನ್ನು ಮನುಷ್ಯನು ಕುಳಿತು ಸಾಲುಸಾಲಾಗಿ ತಿದ್ದಬೇಕಾಗುತ್ತಿತ್ತು. 1998ರಲ್ಲಿ ಹೊರಬಂದ ಆರನೆಯ ಆವೃತ್ತಿಯ ಸಲಕರಣೆಗೆ 2008ರ ಏಪ್ರಿಲ್ 8ರಂದು ಕಂಪನಿಯ ಆಸರೆ ನಿಂತಿತು. ಫಾಕ್ಸ್‌ಪ್ರೊವಿಗೆ ಮುಂದಿನ ಆವೃತ್ತಿಯಿಲ್ಲವೆಂದು ಅದರ ಹಿಂದಿನ ವರ್ಷವೇ ಸಾರಿದ್ದರು. ಹತ್ತೇ ವರ್ಷ! ಮೋಡಿಯು ಸಾಯುವುದಕ್ಕೆ ಒಂದು ತಲೆಮಾರಾದರೂ ಹಿಡಿದಿತ್ತು.

ಬೆನ್ನೆಲುಬಿನ ಕಥೆ ಇದಕ್ಕಿಂತ ಸೌಮ್ಯವಾದುದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ, ಹೊಸ ಮನೆಯೊಳಗಿದ್ದೂ ಹಳೆಯ ರೀತಿನೀತಿಯಿಂದ ನಡೆದುಕೊಳ್ಳುವಂತೆ ಒಂದು ದತ್ತಸಂಚಯಕ್ಕೆ ಅನುಮತಿ ಕೊಡುವ ವ್ಯವಸ್ಥೆಯುಂಟು. ಆ ಅನುಮತಿಗೂ ಮೇರೆಯಿದೆ. 2000ದ ಆವೃತ್ತಿಯಲ್ಲಿ ತೆಗೆದಿಟ್ಟ ಪ್ರತಿಯನ್ನು 2012ರ ಆವೃತ್ತಿಯು ನೇರವಾಗಿ ಸ್ವೀಕರಿಸದು. ನಡುವೆ 2005ರದೋ 2008ರದೋ ಆವೃತ್ತಿಯಲ್ಲಿ ಒಮ್ಮೆ ಇಳಿಸಿ, ಅಲ್ಲಿಂದ ಮತ್ತೆ ಹೇರಿಕೊಂಡು ಹೋಗಬೇಕು. ನಮ್ಮ ಕಡೆಯ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಲೋಂಡಾ-ಮೀರಜ ಹಾದಿಯು ಬ್ರಾಡ್‌ಗೇಜ್ ಆಗುವ ಮುನ್ನ, ಲೋಂಡಾದಿಂದ ಖಾನಾಪುರ ಬೆಳಗಾವಿಗಳ ಮೇಲಾಗಿ ಮುಂಬಯಿಗೆ ಹೊರಟವರು ಮೀರಜದಲ್ಲಿ ಗಂಟುಮೂಟೆಗಳೊಂದಿಗೆ ಇಳಿದು ದೊಡ್ಡ ಹಳಿಯ ಗಾಡಿಯನ್ನು ಏರುತ್ತಿದ್ದುದೇ ಹಾಗೆ. ಒಂದು ವ್ಯತ್ಯಾಸವೆಂದರೆ, ಮೀರಜದ ನಿಲ್ದಾಣವು ಸದಾ ಅಲ್ಲಿಯೇ ಇರುತ್ತಿತ್ತು. 2005ರ ಆವೃತ್ತಿಯ ತಟ್ಟೆಯನ್ನು ಇಂದು ಎಲ್ಲಿಂದ ತರುವುದು?

ಅಕ್ಷರಗಳ ಪಾಡು ಬೇರೆಯೇ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಚ್ಚುಗಳಲ್ಲಿ ಕನ್ನಡವೆಂಬುದು ಕಣ್ಣಿಗೆ ಮಾತ್ರ ಕನ್ನಡ. ಒಳಗೆ ಅದು ರೋಮನ್ ಅಕ್ಷರಗಳ ಮತ್ತು ವಿಚಿತ್ರ ಚಿಹ್ನೆಗಳ ಮೇಲೆ ತೊಡಿಸಿದ ವೇಷ. ಅಚ್ಚಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ವೇಷ ಕಳಚಿ ಯಾವ ಭಾಷೆಗೂ ಸಲ್ಲದ ಗೊಂದಲವು ಕಾಣಿಸಿಕೊಳ್ಳುವುದು. 1991ರಲ್ಲಿಯೇ ಕನ್ನಡವು ಯುನಿಕೋಡಿನೊಳಗೆ ಸ್ಥಾನ ಪಡೆದಿದ್ದರೂ ನಮ್ಮ ಕಚೇರಿಗಳು ಅದಕ್ಕೆ ಒಗ್ಗಿಕೊಳ್ಳಲು ಎರಡು ದಶಕಗಳೇ ಬೇಕಾದುವು. ಒಗ್ಗಿಕೊಂಡ ಮೇಲೂ ಹೊಸ ಬಲೆಗಳು: ಎಸ್‌ಕ್ಯೂಎಲ್ ಸರ್ವರ್‌ಗೆ ಕನ್ನಡದ ಹೆಸರನ್ನು ಬರೆದು ಕಳುಹಿಸುವಾಗ ಉದ್ಧರಣ ಚಿಹ್ನೆಗೆ ಮುಂಚೆ ‘ಎನ್’ ಎಂಬ ಒಂದು ರೋಮನ್ ಅಕ್ಷರವನ್ನಿಡಲು ಮರೆತರೆ, ಹೆಸರಿನ ಸ್ಥಾನದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಒಂದು ಸಾಲು ಮಾತ್ರ ಉಳಿಯುತ್ತದೆ, ಒಮ್ಮೆ ಹಾಗಾದರೆ ಮೂಲವನ್ನು ಮರಳಿ ಪಡೆಯುವ ಉಪಾಯವಿಲ್ಲ. 2014ರ ನವೆಂಬರ್ 1ರಂದು ಬೆಳಗಾವಿಯ ಹೆಸರು ಅಧಿಕೃತವಾಗಿ ಇಂಗ್ಲಿಷಿನಲ್ಲಿಯೂ ಬೆಳಗಾವಿಯಾದಾಗ, ಊರಹೆಸರನ್ನು ಸಂಕೇತದಿಂದ ಹಿಡಿದಿದ್ದ ತಂತ್ರಾಂಶಗಳಲ್ಲಿ ಒಂದು ಪಂಕ್ತಿಯನ್ನು ತಿದ್ದಿದರೆ ಸಾಕಾಗಿತ್ತು; ಪ್ರತಿ ಪಂಕ್ತಿಯಲ್ಲಿಯೂ ಹೆಸರನ್ನೇ ಬರೆದಿಟ್ಟವರಿಗೆ ಜಾಗರಣೆ ಕಾದಿತ್ತು.

ತೀರ ಈಚಿನ ಅಧ್ಯಾಯವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. 2021ರ ನವೆಂಬರಿನಲ್ಲಿ ಹೊರಬಂದ ವಿಷುಯಲ್ ಸ್ಟುಡಿಯೊ 2022 ಎಂಬ ಕಾರ್ಯಾಗಾರವು ಮೊತ್ತಮೊದಲಿಗೆ ತಾನೇ 64 ಬಿಟ್ಟಿನದಾಯಿತು; ಅದುವರೆಗೆ ಅದರೊಳಗೆ ಸೇರಿಕೊಂಡು ದುಡಿಯುತ್ತಿದ್ದ 32 ಬಿಟ್ಟಿನ ಸಲಕರಣೆಗಳೆಲ್ಲ ಹೊಸದಾಗಿ ಕಟ್ಟಿಸಿಕೊಂಡು ಬರುವವರೆಗೆ ಹೊರಗೆ ನಿಲ್ಲಬೇಕಾಯಿತು. ವಿಂಡೋಸಿನೊಳಗೆ, ದತ್ತಸಂಚಯಗಳಿಗೆ ದಾರಿ ತೋರಿಸುವ ಓಡಿಬಿಸಿ ಎಂಬ ಫಲಕವು ಎರಡಿದೆ: 64 ಬಿಟ್ಟಿನದು ‘ಸಿಸ್ಟಮ್-32’ ಎಂಬ ಕೋಣೆಯಲ್ಲಿದೆ, 32 ಬಿಟ್ಟಿನದು ಹೆಸರಿನ ಕೊನೆಯಲ್ಲಿ 64 ಎಂದು ಹೊತ್ತ ಕೋಣೆಯಲ್ಲಿದೆ. ಹಾಸ್ಯಕ್ಕೆ ಹೇಳಿದುದಲ್ಲ, ವಸ್ತುಸ್ಥಿತಿಯೇ ಹಾಗೆ. ಹಳೆಯ ಫಾಕ್ಸ್‌ಪ್ರೊ ಕಡತವನ್ನು ತೆರೆಯುವ ಚಾಲಕವು ಒಂದು ಕೋಣೆಯಲ್ಲಿ ಮಾತ್ರ ಕಾಣಿಸುವುದನ್ನರಿಯದೆ ಇನ್ನೊಂದರಲ್ಲಿ ದಿನವೆಲ್ಲ ಹುಡುಕುವ ತರುಣರು ಎಷ್ಟೋ ಮಂದಿ.

ಈ ಕೋಣೆಗಳೆರಡರ ಮರ್ಮವನ್ನೂ ಬಲ್ಲ ಗೃಹಸ್ಥನೊಬ್ಬನನ್ನು ಹಿಂದಿನ ಮಳೆಗಾಲದಲ್ಲಿ, ಹೆಸರು ಬೇಡದ ಒಂದು ಸೊಸಾಯಿಟಿಯಲ್ಲಿ ಕಂಡೆ. ವಯಸ್ಸು ಐವತ್ತೈದರ ಮೇಲೆ. ಹಳೆಯ ಕಡತಗಳನ್ನು ಹೊಸ ತಂತ್ರಾಂಶಕ್ಕೆ ಇಳಿಸಿಕೊಡುವುದೇ ಈಗ ಅವನ ಉದ್ಯೋಗ. ಖಾನಾಪುರದ ಹತ್ತಿರದ ಹಳ್ಳಿಯ ಹಿರಿಯರೊಬ್ಬರು ತಮ್ಮ ತಂದೆಯ ಕಾಲದ ಶೇರಿನ ಲೆಕ್ಕ ಸಿಗುವುದಿಲ್ಲವೆಂದು ಬಂದು ಕುಳಿತಿದ್ದರು. ಅಡ್ಡಹೆಸರು ಪಾಟೀಲ. ಮೇಜಿನ ಹಿಂದಿನ ಹುಡುಗಿ ಅದನ್ನು ಬೆರಳಚ್ಚಿಸಿ, “ಇಲ್ಲರಿ ಅಜ್ಜಾರ, ಹೆಸರs ತೋರಸವಲ್ತು” ಎಂದಳು. ಅವನು ಅವಳ ಕೀಲಿಮಣೆಯನ್ನು ತನ್ನ ಕಡೆಗೆ ಎಳೆದುಕೊಂಡು, ದೀರ್ಘವನ್ನು ಅಳಿಸಿ, ಪಾಟಿಲ ಎಂದು ಹ್ರಸ್ವದಲ್ಲಿ ಬರೆದು ಒತ್ತಿದನು. ಹದಿನಾಲ್ಕು ಪಂಕ್ತಿಗಳು ಮೂಡಿದುವು. ಮುದುಕರು ಕನ್ನಡಕವನ್ನು ಮೇಲೆತ್ತಿ ಮೂರನೆಯದರ ಮೇಲೆ ಬೆರಳಿಟ್ಟು, “ಇದs ನೋಡ್ರಿ, ಇವರs ನಮ್ಮಪ್ಪಾರು” ಎಂದರು.